ಕೋಲಿನ ಬಳುಕು, ತೋಳಿನ ಬಿರುಸು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಪಂದ್ಯದಲ್ಲಿ ಸೋತು ಬಂದ ಹುಡುಗ ಬ್ಯಾಟನ್ನು ಹಳಿದರೆ, ಕಚೇರಿಯಲ್ಲಿ ಅಪಸ್ವರ ನುಡಿದವರು ಮೈಕನ್ನು ಹಳಿದರೆ, ಹಿರಿಯರು ಈ ಗಾದೆಯನ್ನು ಮುಂದಿಟ್ಟು ಅವರ ಬಾಯಿ ಮುಚ್ಚಿಸುವುದು ವಾಡಿಕೆ. ಗಾದೆ ಸುಳ್ಳಲ್ಲ. ಆದರೆ ನೆಲವೇ ನಿಜವಾಗಿ ಡೊಂಕಾಗಿರುವ ಸಂದರ್ಭಗಳೂ ಲೋಕದಲ್ಲಿ ಉಂಟು. ಗಾಲ್ಫ್ ಆಟದಲ್ಲಿ ಅಂಥ ಸಂದರ್ಭವೊಂದು ಬಲು ಸಾಮಾನ್ಯ. ಆಟಗಾರನು ತನ್ನನ್ನೇ ಹಳಿದುಕೊಳ್ಳುತ್ತ, ಕೈಯಲ್ಲಿರುವ ಕೋಲಿನ ಕಡೆಗೆ ಕಣ್ಣೆತ್ತಿಯೂ ನೋಡದೆ ವರ್ಷಗಳನ್ನು ಕಳೆಯುವುದುಂಟು.

ಗಾಲ್ಫ್ ಎಂದರೆ ದೊರೆಗಳ ಆಟ, ದೊಡ್ಡವರ ವಿನೋದ ಎಂಬ ಭಾವನೆ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಬಹುಕಾಲ ಬೇರೂರಿತ್ತು. ಅದಕ್ಕೆ ಕಾರಣವೂ ಇಲ್ಲದಿರಲಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ೧೮೭೬ರಲ್ಲಿ ಸ್ಥಾಪನೆಯಾದದ್ದು ಆಂಗ್ಲ ಅಧಿಕಾರಿಗಳ ಮನರಂಜನೆಗಾಗಿ. ಕೋಲಾರದ ಚಿನ್ನದ ಗಣಿಯ ಮೈದಾನವನ್ನು ಹದಗೊಳಿಸಿದವರೂ ಆ ಜನರೇ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಕುದುರೆ ಪಂದ್ಯದ ಬಯಲಿನಲ್ಲಿರುವ ಮೈದಾನ ಮಹಾರಾಜರ ಹೆಸರನ್ನು ಹೊತ್ತಿದೆ. ಜಯನಗರ, ಬನಶಂಕರಿಗಳ ಗುಮಾಸ್ತರೂ ಉಪಾಧ್ಯಾಯರೂ ಆ ಬೇಲಿಗಳನ್ನು ಹೊರಗಿನಿಂದ ಕಂಡವರು. ಈಗ ಕಾಲ ಬದಲಾಗಿದೆ. ಅವರ ಮಕ್ಕಳು ಕಂಪ್ಯೂಟರ್ ಕಂಪನಿಗಳಲ್ಲಿ ದುಡಿದು, ಪರದೇಶಗಳಲ್ಲಿ ನಾಲ್ಕು ವರ್ಷವಿದ್ದು, ಅಲ್ಲಿ ಈ ಆಟದ ರುಚಿ ಹತ್ತಿಸಿಕೊಂಡು ಬಂದಿದ್ದಾರೆ. ಭಾನುವಾರದ ನಸುಕಿನಲ್ಲಿ, ಸಿಲ್ಕ್ ಬೋರ್ಡ್ ಕೂಡುರಸ್ತೆ ಕಣ್ಣು ಬಿಡುವ ಮುನ್ನವೇ, ಬಿ.ಟಿ.ಎಂ. ಬಡಾವಣೆಯಿಂದಲೂ ಜೆ.ಪಿ. ನಗರದಿಂದಲೂ ಉದ್ದನೆಯ ಚೀಲಗಳನ್ನು ಹೇರಿಕೊಂಡ ಕಾರುಗಳು ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದ ಕಡೆಗೆ ಹೊರಡುತ್ತವೆ.

ಆ ಚೀಲದೊಳಗೆ ಇರಬಹುದಾದ ಕೋಲುಗಳು ಹೆಚ್ಚೆಂದರೆ ಹದಿನಾಲ್ಕು. ನಿಯಮ ಅಷ್ಟಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಅವುಗಳಲ್ಲಿ ಅತ್ಯಂತ ಉದ್ದವಾದುದು, ಅತ್ಯಂತ ದೂರ ಹೊಡೆಯುವುದು, ಅತ್ಯಂತ ಬೆಲೆಯುಳ್ಳದ್ದು ಡ್ರೈವರ್. ಅದರ ಅಂಗಗಳು ಮೂರೇ ಮೂರು. ಕೆಳಗೆ ಟೊಳ್ಳಾದ ದೊಡ್ಡ ತಲೆ. ಅದರ ಗಾತ್ರ ೪೬೦ ಘನ ಸೆಂಟಿಮೀಟರನ್ನು ಮೀರಕೂಡದು. ಮೇಲೆ ರಬ್ಬರಿನ ಹಿಡಿ. ಇವೆರಡನ್ನೂ ಜೋಡಿಸುವ ತೆಳ್ಳನೆಯ ಕೋಲು. ಆಟಗಾರರ ಮಾತಿನಲ್ಲಿ ಶಾಫ್ಟ್. ಅಂಗಡಿಗೆ ಹೋದವರ ಕಣ್ಣೆಲ್ಲ ತಲೆಯ ಮೇಲೆ. ಅದರ ಹೊಳಪೇನು, ಬಣ್ಣವೇನು, ಹೊಡೆದಾಗಿನ ಸದ್ದೇನು! ಕೋಲನ್ನು ಯಾರೂ ವಿಚಾರಿಸುವುದಿಲ್ಲ. ಮದುವೆಗೆ ಹೋದವರು ಗಂಡನ್ನೂ ಹೆಣ್ಣನ್ನೂ ನೋಡಿ, ಸಂಬಂಧ ಕುದುರಿಸಿದವರನ್ನು ಮರೆಯುವಂತೆ.

ಹಿಂದೆ ಹೀಗಿರಲಿಲ್ಲ. ಮೊದಲಿನ ಕೋಲುಗಳು ಹಿಕರಿ ಎಂಬ ಅಮೆರಿಕದ ಮರದವು. ಒಂದು ಕೋಲಿನಂತೆ ಇನ್ನೊಂದಿಲ್ಲ. ಒಂದು ಬಾಗುವುದು, ಇನ್ನೊಂದು ಸೆಟೆಯುವುದು, ಮತ್ತೊಂದು ಮಳೆಗಾಲದಲ್ಲಿ ತಿರುಚಿಕೊಳ್ಳುವುದು. ಆದುದರಿಂದ ಆಟಗಾರನು ರಾಶಿಯ ಮುಂದೆ ನಿಂತು ಒಂದೊಂದನ್ನೂ ಕೈಯಲ್ಲಿ ಹಿಡಿದು ಆಡಿಸಿ, ತನಗೆ ಒಗ್ಗಿದ್ದನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಪ್ರಸಿದ್ಧ ಆಟಗಾರ ಬಾಬಿ ಜೋನ್ಸ್ ೧೯೩೦ರಲ್ಲಿ ಒಂದೇ ವರ್ಷದಲ್ಲಿ ನಾಲ್ಕು ಮಹಾಪಂದ್ಯಗಳನ್ನು ಗೆದ್ದದ್ದು ಈ ಮರದ ಕೋಲುಗಳಿಂದಲೇ. ಅಷ್ಟು ಹೊತ್ತಿಗೆ ಉಕ್ಕಿನ ಕೋಲು ಬಂದಾಗಿತ್ತು. ಅಮೆರಿಕದ ಸಂಸ್ಥೆ ೧೯೨೪ರಲ್ಲಿ, ಸ್ಕಾಟ್ಲೆಂಡಿನ ಸಂಸ್ಥೆ ೧೯೨೯ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟವು. ಆಮೇಲೆ ೧೯೬೯ರಲ್ಲಿ, ಮೀನುಗಾಳದ ಕೋಲುಗಳಿಗೆ ಹೆಸರಾಗಿದ್ದ ಶೇಕ್ಸ್‌ಪಿಯರ್ ಎಂಬ ಅಮೆರಿಕದ ಕಂಪನಿಯಲ್ಲಿದ್ದ ಫ್ರಾಂಕ್ ಥಾಮಸ್ ಎಂಬ ಎಂಜಿನಿಯರು ಗ್ರಾಫೈಟಿನ ಕೋಲನ್ನು ರೂಪಿಸಿದರು. ನಾಟಕಕಾರನ ಹೆಸರಿನ ಕಂಪನಿ, ಮೀನು ಹಿಡಿಯುವ ಕಸುಬು, ಗಾಲ್ಫ್ ಆಟ, ಎಲ್ಲಿಂದೆಲ್ಲಿಗೆ ನಂಟು! ಡ್ರೈವರಿನಲ್ಲಿ ಇಂದು ಕಾಣಬರುವುದು ಬಹುಮಟ್ಟಿಗೆ ಗ್ರಾಫೈಟೇ. ಉಕ್ಕಿನ ಕೋಲು ನೂರಿಪ್ಪತ್ತು ಗ್ರಾಂ ತೂಗುತ್ತಿದ್ದ ಕಡೆ ಇದು ನಲವತ್ತರಿಂದ ಎಪ್ಪತ್ತೈದು ಗ್ರಾಮಿನೊಳಗೆ ಮುಗಿಯುತ್ತದೆ. ಅಲ್ಲದೆ ಕಾರ್ಖಾನೆಯಲ್ಲಿ ಬೇಕಾದಷ್ಟು ಬಳುಕನ್ನು ಬೇಕಾದ ಜಾಗದಲ್ಲಿ ಇಟ್ಟು ಹೆಣೆಯಬಹುದು. ಆಯ್ಕೆ ಹೆಚ್ಚಿತು, ಆರಿಸುವ ಕಣ್ಣು ಮಾತ್ರ ಮಂಜಾಯಿತು.

ಕೋಲು ಮಾಡುವ ಕೆಲಸವಾದರೂ ಏನು? ಬಿಲ್ಲು ಬಾಣವನ್ನು ಚಿಮ್ಮಿಸುವಂತೆ ಕೋಲು ಬಾಗಿ ಚೆಂಡನ್ನು ಚಿಮ್ಮಿಸುತ್ತದೆ ಎಂಬುದು ಬಹುಜನರ ನಂಬಿಕೆ. ಈ ನಂಬಿಕೆಯಿಂದಲೇ ಅನೇಕ ತಪ್ಪುಗಳು ಹುಟ್ಟುತ್ತವೆ. ಮೇಲಕ್ಕೆತ್ತಿದ ಕೋಲನ್ನು ಆಟಗಾರನು ಕೆಳಕ್ಕೆ ಸೆಳೆದಾಗ ತಲೆಯು ಹಿಂದೆ ಉಳಿಯಲು ಹವಣಿಸಿ ಕೋಲು ಹಿಂದಕ್ಕೆ ಬಾಗುತ್ತದೆ. ಬೀಸು ಮುಂದುವರಿದು ವೇಗ ಏರಿದಂತೆ ಆ ಬಾಗು ತೀರಿ, ಚೆಂಡಿನ ಸಮೀಪಕ್ಕೆ ಬರುವ ಹೊತ್ತಿಗೆ ಕೋಲು ಮುಂದಕ್ಕೆ ತುಸು ಬಾಗಿರುತ್ತದೆ. ಇಷ್ಟೆಲ್ಲ ನಡೆಯುವುದು ಹೆಚ್ಚು ಕಡಿಮೆ ಕಾಲು ಸೆಕೆಂಡಿನಲ್ಲಿ. ಆ ಮೇಲೆ ಚೆಂಡೂ ತಲೆಯೂ ಒಂದನ್ನೊಂದು ಮುಟ್ಟಿಕೊಂಡಿರುವ ಅವಧಿ ಸೆಕೆಂಡಿನ ಎರಡು ಸಾವಿರದ ಒಂದು ಪಾಲು. ಇನ್ನೂರು ಗ್ರಾಮಿನ ತಲೆ ನಲವತ್ತಾರು ಗ್ರಾಮಿನ ಚೆಂಡಿಗೆ ಅಪ್ಪಳಿಸಿದ ಸುದ್ದಿ ಕೋಲಿನ ಮೂಲಕ ಕೈಗೆ ಮುಟ್ಟಿ ಕೈ ಏನಾದರೂ ಮಾಡುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆ ಕ್ಷಣದಲ್ಲಿ ತಲೆಯು ಕೋಲಿನ ಹಂಗೇ ಇಲ್ಲದಂತೆ ವರ್ತಿಸುತ್ತದೆ.

ಎಂದ ಮೇಲೆ ಕೋಲು ಬಲವನ್ನು ಕೊಡುವುದಿಲ್ಲ. ಚಿಮ್ಮುವಿಕೆಯಿಂದ ಸಿಗುವ ವೇಗ ಮೈಯಿಂದ ಬರುವ ವೇಗದ ಮುಂದೆ ಅತ್ಯಲ್ಪ. ಕೋಲಿನ ಕೆಲಸ ಟಪಾಲಿನವನ ಕೆಲಸ: ತಲೆಯನ್ನು ತಕ್ಕ ಹೊತ್ತಿಗೆ, ತಕ್ಕ ಓರೆಯಲ್ಲಿ, ಮುಖ ನೆಟ್ಟಗಿರುವಂತೆ ಚೆಂಡಿನ ಬಾಗಿಲಿಗೆ ತಲಪಿಸುವುದು. ನಿಧಾನವಾಗಿ ಬೀಸುವವನ ಕೈಗೆ ಗಡುಸಾದ ಕೋಲು ಬಂದರೆ ಅದು ಬಾಗಬೇಕಾದಷ್ಟು ಬಾಗುವುದಿಲ್ಲ. ತಲೆಯ ಓರೆ ಸಾಲದೆ ಚೆಂಡು ತಗ್ಗಾಗಿ ಹಾರುವುದು. ಬಲಗೈಯವನಾದರೆ ಬಲಗಡೆಗೆ ಸರಿಯುವುದು. ವೇಗವಾಗಿ ಬೀಸುವವನ ಕೈಗೆ ಮೆತ್ತನೆಯ ಕೋಲು ಬಂದರೆ ಚೆಂಡು ಅತಿ ಎತ್ತರಕ್ಕೇರಿ ಎಡಕ್ಕೆ ಹೊರಳುವ ಸಂಭವ ಹೆಚ್ಚು. ಇದು ಒಲವು ಮಾತ್ರ, ಕಟ್ಟಳೆಯಲ್ಲ. ಮನುಷ್ಯನ ಕೈ ವಿಚಿತ್ರವಾದ ಯಂತ್ರ; ಹೊಂದದ ಕೋಲಿಗೂ ಅದು ಕೆಲವೇ ವಾರಗಳಲ್ಲಿ ಹೊಂದಿಕೊಂಡು, ಆ ಹೊಂದಾಣಿಕೆಗಾಗಿ ತನ್ನ ಸಹಜವಾದ ಬೀಸನ್ನೇ ಕೆಡಿಸಿಕೊಳ್ಳುತ್ತದೆ. ಅಪಾಯವಿರುವುದು ಇಲ್ಲಿಯೇ.

ಕೋಲಿನ ಬಳುಕನ್ನು ತಿಳಿಸಲು ತಯಾರಕರು ಅಕ್ಷರಗಳನ್ನು ಅಚ್ಚು ಹಾಕುತ್ತಾರೆ. ಅತ್ಯಂತ ಮೆತ್ತನೆಯದು ‘ಎಲ್’, ಹೆಂಗಸರದೆಂದು ಹೆಸರು. ಅನಂತರ ‘ಎ’, ವಯಸ್ಸಾದವರದು. ಬಳಿಕ ಸಾಧಾರಣದ ‘ಆರ್’, ಗಡುಸಿನ ‘ಎಸ್’, ಕಡುಗಡುಸಿನ ‘ಎಕ್ಸ್’. ತಲೆಯು ಚೆಂಡನ್ನು ಮುಟ್ಟುವಾಗಿನ ವೇಗ ಗಂಟೆಗೆ ಎಪ್ಪತ್ತೈದು ಮೈಲಿಗಿಂತ ಕಡಿಮೆಯಿದ್ದರೆ ಮೊದಲನೆಯದು, ಅಲ್ಲಿಂದ ಎಂಬತ್ತೈದರವರೆಗೆ ಎರಡನೆಯದು, ತೊಂಬತ್ತೈದರವರೆಗೆ ಮೂರನೆಯದು, ನೂರೈದರವರೆಗೆ ನಾಲ್ಕನೆಯದು, ಅದಕ್ಕೂ ಮೀರಿದರೆ ಕೊನೆಯದು ಎಂಬುದು ಅಂಗಡಿಗಳಲ್ಲಿ ರೂಢಿಯಾಗಿರುವ ಸ್ಥೂಲ ಲೆಕ್ಕ. ಅಮೆರಿಕದ ವೃತ್ತಿಪರ ಪುರುಷರ ಸರಾಸರಿ ವೇಗ ನೂರಹದಿಮೂರನ್ನು ದಾಟುತ್ತದೆ. ವೃತ್ತಿಪರ ಮಹಿಳೆಯರದು ತೊಂಬತ್ತೈದರ ಆಸುಪಾಸು. ಇಲ್ಲಿಯೇ ಒಂದು ತಮಾಷೆ ಇದೆ. ಹೆಂಗಸರ ಕೋಲೆಂದು ‘ಎಲ್’ ಅಕ್ಷರವನ್ನು ಕಂಡು ಮೂಗು ಮುರಿಯುವ ಗಂಡಸರಲ್ಲಿ ಹಲವರು ಆ ಮಹಿಳೆಯರಷ್ಟು ವೇಗವಾಗಿ ಬೀಸಲಾರರು.

ಅಕ್ಷರಗಳ ವಿಷಯದಲ್ಲಿ ಗ್ರಾಹಕರು ತಿಳಿದಿರಬೇಕಾದ ಮುಖ್ಯ ಸಂಗತಿಯನ್ನು ಅಂಗಡಿಯವರು ಹೇಳುವುದು ಅಪರೂಪ. ಈ ಅಕ್ಷರಗಳಿಗೆ ಸರ್ವಸಮ್ಮತವಾದ ಅಳತೆಯಿಲ್ಲ. ಕಿಲೋಗ್ರಾಂ ಎಂದರೆ ಗಾಂಧಿ ಬಜಾರಿನಲ್ಲಿಯೂ ಲಂಡನಿನಲ್ಲಿಯೂ ಒಂದೇ; ‘ಎಸ್’ ಎಂದರೆ ಹಾಗಲ್ಲ. ಒಬ್ಬ ತಯಾರಕನ ‘ಆರ್’ ಇನ್ನೊಬ್ಬನ ‘ಎಸ್’ಗಿಂತ ಗಡುಸಾಗಿರಬಹುದು. ಸಿದ್ಧ ಉಡುಪಿನ ಅಳತೆಗಳಂತೆ, ಒಂದು ಅಂಗಡಿಯ ಮಧ್ಯಮ ಇನ್ನೊಂದು ಅಂಗಡಿಯಲ್ಲಿ ಉಸಿರು ಕಟ್ಟಿಸುತ್ತದೆ. ಬಲ್ಲ ಕುಶಲಿಗಳು ಅಕ್ಷರವನ್ನು ನಂಬದೆ ಬೇರೊಂದು ಉಪಾಯ ಮಾಡುತ್ತಾರೆ. ಕೋಲಿನ ಹಿಡಿಯ ಕಡೆಯನ್ನು ಇಕ್ಕಳದಲ್ಲಿ ಬಿಗಿದು, ತಲೆಯ ಕಡೆಯನ್ನು ಮೀಟಿ ಬಿಟ್ಟು, ನಿಮಿಷಕ್ಕೆ ಎಷ್ಟು ಸಲ ತೂಗಾಡಿತೆಂದು ಯಂತ್ರದಿಂದ ಎಣಿಸುತ್ತಾರೆ. ಸಾಧಾರಣ ಡ್ರೈವರ್ ಇನ್ನೂರೈವತ್ತರ ಸುತ್ತಮುತ್ತ ತೂಗುತ್ತದೆ. ಎಣಿಕೆ ಏರಿದಷ್ಟೂ ಕೋಲು ಗಡುಸು. ತಂಬೂರಿಯ ತಂತಿಯನ್ನು ಮೀಟಿ ಶ್ರುತಿ ನೋಡುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಡುವವರ ಕಂಠಕ್ಕೆ ತಕ್ಕ ಶ್ರುತಿಯೇ ಹೊರತು, ಶ್ರುತಿಗೆ ತಕ್ಕ ಕಂಠವಲ್ಲ.

ಜೆ.ಪಿ. ನಗರದ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಥ ಮನೆಗಳು ಆ ಬಡಾವಣೆಯಲ್ಲಿ ಒಂದಲ್ಲ, ಹಲವು. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಐವತ್ತರ ವಯಸ್ಸಿನಲ್ಲಿ ಸಹೋದ್ಯೋಗಿಗಳ ಒತ್ತಾಯದಿಂದ ಈ ಆಟ ಕಲಿತವರು. ಮಗ ಕ್ಯಾಲಿಫೋರ್ನಿಯಾದಲ್ಲಿ. ತಂದೆಯ ಷಷ್ಟ್ಯಬ್ದಿಗೆ ಬಂದವನು ಶಾಲು, ಪಂಚೆಗಳ ಜೊತೆಗೆ ಉದ್ದನೆಯ ಪೆಟ್ಟಿಗೆಯೊಂದನ್ನೂ ತಂದಿದ್ದಾನೆ. ಒಳಗೆ ಹೊಚ್ಚ ಹೊಸ ಡ್ರೈವರ್. ಅಲ್ಲಿಯ ಅಂಗಡಿಯಲ್ಲಿ ತಾನೇ ಹತ್ತು ಚೆಂಡು ಹೊಡೆದು ನೋಡಿ, ತನಗೆ ಒಪ್ಪಿದ್ದನ್ನೇ ತಂದೆಗೂ ತಂದಿದ್ದಾನೆ. ಕೋಲಿನ ಮೇಲೆ ‘ಎಸ್’ ಅಕ್ಷರ, ತೂಕ ಅರವತ್ತೈದು ಗ್ರಾಂ. ಮೂವತ್ತೆರಡರ ಮಗನ ತೋಳಿಗೆ ಹೇಳಿ ಮಾಡಿಸಿದ ಕೋಲು.

ಆಮೇಲಿನ ಆರು ತಿಂಗಳು ಯಜಮಾನರಿಗೆ ಗ್ರಹಚಾರ ಕೆಟ್ಟಂತಾಯಿತು. ಹಳೆಯ ಡ್ರೈವರಿನಲ್ಲಿ ನೆಟ್ಟಗೆ ಹೋಗುತ್ತಿದ್ದ ಚೆಂಡು ಈಗ ಮೊಣಕಾಲೆತ್ತರಕ್ಕೆ ಹಾರಿ ಬಲಗಡೆಯ ಮರಗಳನ್ನು ಹುಡುಕಿಕೊಂಡು ಹೋಗತೊಡಗಿತು. ಇನ್ನಷ್ಟು ಬಿರುಸಾಗಿ ಬೀಸಿದರು. ಚೆಂಡು ಇನ್ನಷ್ಟು ಬಲಕ್ಕೆ ಹೋಯಿತು. ತರಬೇತಿಗೆಂದು ದುಡ್ಡು ಸುರಿದರು. ಮೊಣಕೈಯ ಒಳಮಗ್ಗುಲು ನೋಯತೊಡಗಿತು. ನೋವಿಗೆ ಕೋಲೇ ಕಾರಣವೆಂದು ಹೇಳುವಂತಿಲ್ಲ. ಕೋಲನ್ನು ಮಣಿಸಬೇಕೆಂದು ಮೈಮೀರಿ ಬೀಸಿದ್ದೇ ಕಾರಣವಾಗಿದ್ದೀತು. ಮನೆಯಾಕೆ ಎಣ್ಣೆ ತಿಕ್ಕುತ್ತ ಒಂದು ಸಂಜೆ ಕೇಳಿದರು:

“ಅಲ್ಲಾ ಅಂದ್ರೆ, ಹಳೆಯದರಲ್ಲಿ ಚೆನ್ನಾಗಿ ಆಡ್ತಿದ್ದಿರಲ್ಲ, ಅದನ್ನೇ ತಗೊಂಡು ಹೋಗಬಾರದೆ?”

“ಹುಡುಗ ಅಷ್ಟು ದೂರದಿಂದ ಹೊತ್ತು ತಂದದ್ದು ಕಣೆ. ವಿಡಿಯೋದಲ್ಲಿ ಕೇಳ್ತಾನೆ, ಅಪ್ಪಾ ಹೇಗಿದೆ ಅಂತ. ಏನು ಹೇಳಲಿ?”

ಮಗನ ಪ್ರೀತಿಯನ್ನು ಮೂಲೆಗೆ ಸೇರಿಸಲು ತಂದೆಗೆ ಮನಸ್ಸಿಲ್ಲ. ತಂದೆಯ ತೋಳಿನ ಅಳತೆ ಮಗನಿಗೆ ಗೊತ್ತಿಲ್ಲ. ಕೊನೆಗೆ ಜೊತೆಗಾರರೊಬ್ಬರು ಅವರನ್ನು ಅಳತೆಯ ಯಂತ್ರದ ಮುಂದೆ ನಿಲ್ಲಿಸಿದಾಗ ಸಂಖ್ಯೆ ಹೊರಬಿತ್ತು: ಎಂಬತ್ತೆರಡು ಮೈಲಿ. ಪರಿಹಾರ ಊಹಿಸಿದ್ದಕ್ಕಿಂತ ಸುಲಭವಾಗಿತ್ತು. ಈಗಿನ ಬಹುತೇಕ ಡ್ರೈವರುಗಳಲ್ಲಿ ಚಿಕ್ಕದೊಂದು ತಿರುಪಿನ ಕೀಲಿಯಿಂದ ತಲೆಯನ್ನೂ ಕೋಲನ್ನೂ ಬೇರ್ಪಡಿಸಬಹುದು. ತಲೆ ಹಾಗೆಯೇ ಉಳಿದು, ಐವತ್ತು ಗ್ರಾಮಿನ ‘ಎ’ ಕೋಲೊಂದು ಬಂದು ಕೂತಿತು. ಚೆಂಡಿಗೆ ಎತ್ತರ ಬಂತು, ಬಲಗಡೆಯ ಮೋಹ ತಗ್ಗಿತು, ಏಳೆಂಟು ಗಜ ಹೆಚ್ಚಿಗೆ ಹೋಯಿತು. ಪವಾಡವೇನೂ ಅಲ್ಲ. ತೆಗೆದಿಟ್ಟ ಕೋಲು ಅಟ್ಟದ ಮೇಲಿದೆ. ಮಗ ಡಿಸೆಂಬರಿನಲ್ಲಿ ಬಂದಾಗ ಅದನ್ನು ಜೋಡಿಸಿಕೊಂಡು ಆಡುತ್ತಾನೆ. ಕೋಲು ಬದಲಾಯಿಸುವವರು ಒಂದನ್ನು ನೆನಪಿಡಬೇಕು: ಈ ಕೀಲು ಒಂದೊಂದು ತಯಾರಕರದು ಒಂದೊಂದು ಬಗೆ. ಒಬ್ಬರದು ಇನ್ನೊಬ್ಬರದಕ್ಕೆ ಕೂರುವುದಿಲ್ಲ.

ಹೊಸ ಡ್ರೈವರೊಂದಕ್ಕೆ ನಲವತ್ತು, ಐವತ್ತು ಸಾವಿರ ರೂಪಾಯಿ ತೆರುವುದು ಇಂದು ಅಚ್ಚರಿಯ ಮಾತಲ್ಲ. ಅಷ್ಟು ತೆರುವವರು ಅಳತೆಗೆ ಅರ್ಧ ಗಂಟೆ ಕೊಡಲು ಹಿಂಜರಿಯುವುದೇ ಅಚ್ಚರಿ. ರಾಡಾರಿನಿಂದ ಇಲ್ಲವೆ ಕ್ಯಾಮರಾದಿಂದ ಬೀಸಿನ ವೇಗವನ್ನೂ ಚೆಂಡಿನ ವೇಗವನ್ನೂ ತೋರಿಸುವ ಯಂತ್ರಗಳು ಬೆಂಗಳೂರಿನಲ್ಲಿ ಲಭ್ಯವಿವೆ. ಅಂಥ ಕಡೆ ಹೋದಾಗ ಮೊದಲಿನ ಐದಾರು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಮೈ ಬೆಚ್ಚಗಾಗಿರುವುದಿಲ್ಲ. ಹತ್ತು ಮಂದಿ ನೋಡುತ್ತಿರುವಾಗ ಉಸಿರು ಬಿಗಿಹಿಡಿದು ಬೀಸಿದ ಒಂದು ಹೊಡೆತವನ್ನೂ ಹಿಡಿಯಬಾರದು. ಭಾನುವಾರ ಹದಿನಾಲ್ಕನೆಯ ಗುಳಿಯ ಬಳಿ, ಬಿಸಿಲೇರಿ ಕಾಲು ಸೋತಿರುವಾಗ ಯಾವ ವೇಗ ಇರುತ್ತದೆಯೋ ಅದೇ ನಿಜವಾದ ವೇಗ. ಚೆಂಡಿನ ವೇಗವನ್ನು ಬೀಸಿನ ವೇಗದಿಂದ ಭಾಗಿಸಿದರೆ ಬರುವ ಭಾಗಲಬ್ಧವೂ ತಿಳಿದಿರಲಿ. ಅದು ಒಂದೂವರೆಯ ಹತ್ತಿರವಿದ್ದರೆ ಹೊಡೆತ ತಲೆಯ ನಡುವಿಗೇ ಬಿದ್ದಿದೆ. ಒಂದೂಕಾಲಿನಷ್ಟೇ ಇದ್ದರೆ ಕೋಲನ್ನು ಬದಲಾಯಿಸುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ.

ಯಂತ್ರವಿಲ್ಲದವರು ದೂರದಿಂದ ವೇಗವನ್ನು ಊಹಿಸುತ್ತಾರೆ. ಡ್ರೈವರಿನಿಂದ ಹೊರಟ ಚೆಂಡು ಗಾಳಿಯಲ್ಲಿ ಇನ್ನೂರು ಗಜ ಕ್ರಮಿಸಿದರೆ ವೇಗ ಎಂಬತ್ತೈದು, ತೊಂಬತ್ತರ ನಡುವೆ ಇರಬಹುದೆಂದು ಒಂದು ಅಂದಾಜು. ಆದರೆ ಬೆಂಗಳೂರಿನಲ್ಲಿ ಈ ಅಂದಾಜಿಗೆ ಎರಡು ಮೋಸಗಳಿವೆ. ಮೊದಲನೆಯದು, ಊರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ನೂರಕ್ಕೆ ಮೂರರಷ್ಟು ದೂರ ಪುಕ್ಕಟೆಯಾಗಿ ಸಿಗುತ್ತದೆ. ಇಲ್ಲಿ ಇನ್ನೂರು ಗಜ ಹೊಡೆದವರು ಮಂಗಳೂರಿನ ಪಿಲಿಕುಳದಲ್ಲಿ ಅದೇ ಹೊಡೆತಕ್ಕೆ ನೂರತೊಂಬತ್ತನಾಲ್ಕಕ್ಕೆ ತೃಪ್ತಿಪಡಬೇಕಾದೀತು. ಎರಡನೆಯದು ನೆಲ. ಮಾರ್ಚ್ ತಿಂಗಳಲ್ಲಿ ಒಣಗಿ ಗಟ್ಟಿಯಾದ ನೆಲದ ಮೇಲೆ ಚೆಂಡು ಮೂವತ್ತು ಗಜ ಉರುಳಿಹೋಗುತ್ತದೆ. ಜುಲೈಯ ಜಿನುಗಿನಲ್ಲಿ ಬಿದ್ದಲ್ಲೇ ಹೂತುಕೊಳ್ಳುತ್ತದೆ. ಚೆಂಡು ನಿಂತ ಜಾಗವನ್ನಳೆದು ಕೋಲು ಕೊಂಡವರು ಬೇಸಗೆಗೊಂದು, ಮಳೆಗಾಲಕ್ಕೊಂದು ಕೋಲು ಇಟ್ಟುಕೊಳ್ಳಬೇಕಾದೀತು! ಬಿದ್ದ ಜಾಗವನ್ನು ಮಾತ್ರ ಅಳೆಯತಕ್ಕದ್ದು.

ಇನ್ನು, ವೇಗವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ತೊಂಬತ್ತೈದು ಮೈಲಿಯ ಇಬ್ಬರು ಆಟಗಾರರಿದ್ದಾರೆನ್ನೋಣ. ಒಬ್ಬರು ವಿಳಂಬದಲ್ಲಿ ಎತ್ತಿ, ತುದಿಯಲ್ಲಿ ಒಂದು ಕ್ಷಣ ನಿಂತು, ಕ್ರಮವಾಗಿ ವೇಗವೇರಿಸುವವರು. ಇನ್ನೊಬ್ಬರು ಎತ್ತಿದ್ದು ಕಂಡಿತು, ಹೊಡೆದದ್ದು ಕೇಳಿತು ಎನ್ನುವಂತೆ ಹಠಾತ್ತನೆ ಜಗ್ಗುವವರು. ಜಗ್ಗುವವರು ಕೋಲಿನ ಮೇಲೆ ಹೇರುವ ಭಾರ ಹೆಚ್ಚು. ಅವರಿಗೆ ಒಂದು ಮೆಟ್ಟಿಲು ಗಡುಸಾದದ್ದು ಒಗ್ಗೀತು, ಮೊದಲಿನವರಿಗೆ ಒಂದು ಮೆಟ್ಟಿಲು ಮೆತ್ತನೆಯದು. ಅಕ್ಷರಕ್ಕಿಂತ ತೂಕವೇ ಮುಖ್ಯವೆಂದು ವಾದಿಸುವ ಕುಶಲಿಗಳೂ ಇದ್ದಾರೆ; ಅವರ ವಾದದಲ್ಲಿ ಹುರುಳಿದೆ. ಬಳುಕಿನ ವ್ಯತ್ಯಾಸವನ್ನು ಗುರುತಿಸಲಾರದ ಕೈ ಹದಿನೈದು ಗ್ರಾಮಿನ ವ್ಯತ್ಯಾಸವನ್ನು ತಟ್ಟನೆ ಗುರುತಿಸುತ್ತದೆ. ಅತಿ ಭಾರವಾದದ್ದು ಹತ್ತನೆಯ ಗುಳಿಯ ಹೊತ್ತಿಗೆ ಭುಜವನ್ನು ಸೋಲಿಸುತ್ತದೆ. ಅತಿ ಹಗುರವಾದದ್ದು ಕೈಯ ಲಯವನ್ನು ತಪ್ಪಿಸುತ್ತದೆ.

ಉದ್ದದ ವಿಷಯದಲ್ಲಿ ಖರ್ಚಿಲ್ಲದ ಪರೀಕ್ಷೆಯೊಂದಿದೆ. ನಿಯಮದ ಮಿತಿ ನಲವತ್ತೆಂಟು ಅಂಗುಲ. ೨೦೨೨ರಿಂದ ದೊಡ್ಡ ಪಂದ್ಯಗಳ ವ್ಯವಸ್ಥಾಪಕರು ಬಯಸಿದರೆ ನಲವತ್ತಾರಕ್ಕೇ ನಿಲ್ಲಿಸಲು ಅವಕಾಶವಿದೆ. ಅಂಗಡಿಯ ಡ್ರೈವರುಗಳು ಸಾಮಾನ್ಯವಾಗಿ ನಲವತ್ತೈದರಿಂದ ನಲವತ್ತಾರರೊಳಗೆ. ಉದ್ದ ಹೆಚ್ಚಿದಷ್ಟೂ ವೇಗ ತುಸು ಹೆಚ್ಚೀತು, ಆದರೆ ತಲೆಯ ನಡುವಿಗೆ ಚೆಂಡು ಬೀಳುವುದು ಕಷ್ಟವಾಗುತ್ತದೆ. ಹೊಸದನ್ನು ಕೊಳ್ಳುವ ಮುನ್ನ, ಇರುವುದನ್ನೇ ಒಂದು ಅಂಗುಲ ಕೆಳಗೆ ಹಿಡಿದು ಹತ್ತು ಚೆಂಡು ಹೊಡೆದು ನೋಡಬೇಕು. ತಲೆಯ ಮುಖಕ್ಕೆ ಮನೆಯಲ್ಲಿರುವ ಮುಖದ ಪೌಡರನ್ನು ಸವರಿಕೊಂಡರೆ ಚೆಂಡು ಎಲ್ಲಿ ತಗಲಿತೆಂಬುದೂ ಕಾಣುತ್ತದೆ. ಹತ್ತರಲ್ಲಿ ಏಳು ಗುರುತು ನಡುವೆ ಬಿದ್ದರೆ, ಕೆಲವರಿಗೆ ಅಲ್ಲಿಗೇ ರೋಗ ವಾಸಿ.

ನಿಧಾನದ ಬೀಸು ನಾಚಿಕೆಗೇಡೆಂದು ತಿಳಿದವರು ಬೆಂಗಳೂರಿನ ಅದಿತಿ ಅಶೋಕ್ ಅವರ ಆಟವನ್ನು ನೋಡಬೇಕು. ೧೯೯೮ರಲ್ಲಿ ಈ ಊರಿನಲ್ಲಿಯೇ ಹುಟ್ಟಿ, ಐದಾರು ವರ್ಷದ ಮಗುವಾಗಿ ಚಲ್ಲಘಟ್ಟದ ಮೈದಾನದಲ್ಲಿ ಕೋಲು ಹಿಡಿದವರು. ತಂದೆತಾಯಿಯರು ಹುಟ್ಟು ಆಟಗಾರರಲ್ಲ. ಮಗಳ ಜೊತೆಗೇ ಆಟ ಕಲಿತವರು. ೨೦೨೧ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಮಗಳ ಚೀಲವನ್ನು ಹೊತ್ತು ಕ್ಯಾಡಿಯಾಗಿ ನಡೆದವರು ತಾಯಿ. ಆ ವರ್ಷ ಅದಿತಿಯವರು ಕೊರೋನಾ ಕಾಯಿಲೆಯಿಂದ ನರಳಿ ಎದ್ದಿದ್ದರು; ಮೊದಲೇ ದೂರ ಹೊಡೆಯುವವರಲ್ಲ, ಆಗ ಬಲವೂ ಕುಂದಿತ್ತು. ಅರವತ್ತು ಮಂದಿ ಆಟಗಾರ್ತಿಯರಲ್ಲಿ ಡ್ರೈವರಿನ ದೂರದಲ್ಲಿ ಅವರದು ಕೊನೆಯ ಸಾಲು. ಇತರರು ಗಿಡ್ಡ ಐರನ್ನಿನಿಂದ ಗ್ರೀನನ್ನು ಮುಟ್ಟುವ ಕಡೆ ಅವರು ಉದ್ದನೆಯ ಹೈಬ್ರಿಡ್ಡನ್ನೋ ಫೇರ್‌ವೇ ಕೋಲನ್ನೋ ಎತ್ತಿಕೊಳ್ಳಬೇಕಾಗಿತ್ತು. ತಮ್ಮದಲ್ಲದ ವೇಗವನ್ನು ಅವರು ಹುಡುಕಲು ಹೋಗಲಿಲ್ಲ. ಚೆಂಡನ್ನು ನೆಟ್ಟಗಿಟ್ಟರು, ಪಟ್ಟರಿನಿಂದ ಗುಳಿಗೆ ಸೇರಿಸಿದರು. ನಾಲ್ಕು ದಿನಗಳ ಕೊನೆಗೆ ಹದಿನೈದು ಹೊಡೆತ ಕಡಿಮೆ. ಬೆಳ್ಳಿಗೂ ಕಂಚಿಗೂ ಸೆಣಸಿದ ಇಬ್ಬರಿಗಿಂತ ಒಂದೇ ಒಂದು ಹೊಡೆತ ಹಿಂದೆ. ನಾಲ್ಕನೆಯ ಸ್ಥಾನ. ಆ ಆಗಸ್ಟ್ ತಿಂಗಳ ಶನಿವಾರ ಬೆಳಿಗ್ಗೆ ಗಾಲ್ಫ್ ಎಂದರೇನೆಂದು ತಿಳಿಯದ ಅಜ್ಜಿಯರೂ ದೂರದರ್ಶನದ ಮುಂದೆ ಕಾಫಿ ಆರಿಸಿಕೊಂಡು ಕುಳಿತಿದ್ದರು.

ಗಾಲ್ಫ್ ಆಡದ ಮನೆಗಳಿಗೂ ಈ ಮಾತಿನಲ್ಲಿ ಪಾಲಿದೆ. ಜಯನಗರ, ಬನಶಂಕರಿಗಳಲ್ಲಿ ಬೀದಿಗೊಂದರಂತೆ ಎದ್ದಿರುವ ಬ್ಯಾಡ್ಮಿಂಟನ್ ಅಂಕಣಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ರಾಕೆಟ್ಟನ್ನು ಆರಿಸುವಾಗಲೂ ಇದೇ ತಪ್ಪು ನಡೆಯುತ್ತದೆ. ರಾಕೆಟ್ಟಿನ ಕೋಲಿಗೂ ಬಳುಕು ಉಂಟು, ಗಡುಸು ಉಂಟು. ಯಾವ ಚಾಂಪಿಯನ್ ಯಾವುದನ್ನು ಹಿಡಿದಿದ್ದಾರೋ ಅದೇ ಬೇಕೆಂದು ಹತ್ತು ವರ್ಷದ ಹುಡುಗಿ ಹಠ ಹಿಡಿಯುತ್ತಾಳೆ, ತಂದೆ ಕೊಡಿಸುತ್ತಾರೆ. ಗಡುಸಾದ ಕೋಲು ವೇಗದ ಮಣಿಕಟ್ಟಿಗೆ ಮಾತ್ರ ಮಣಿಯುತ್ತದೆ. ಕಲಿಯುವ ಮಗುವಿಗೆ ಮೆದುವಾದ ಕೋಲು, ಎಂಬತ್ತರಿಂದ ಎಂಬತ್ನಾಲ್ಕು ಗ್ರಾಮಿನ ತೂಕ, ಇಪ್ಪತ್ತರಿಂದ ಇಪ್ಪತ್ನಾಲ್ಕು ಪೌಂಡಿನ ಬಿಗಿತ ಸಾಕು. ವೃತ್ತಿಪರರಂತೆ ಇಪ್ಪತ್ತೆಂಟು, ಮೂವತ್ತು ಪೌಂಡಿಗೆ ತಂತಿ ಬಿಗಿಸಿದರೆ ಚೆಂಡು ಚಿಮ್ಮದೆ ಭುಜ ನೋಯುತ್ತದೆ. ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಬೆಂಗಳೂರಿಗೆ ತಂದ ಪ್ರಕಾಶ್ ಪಡುಕೋಣೆಯವರು ಹೆಸರಾದದ್ದು ಬಿರುಸಿನ ಹೊಡೆತಕ್ಕಲ್ಲ, ಎದುರಾಳಿಯನ್ನು ದಿಕ್ಕುಗೆಡಿಸುವ ನಾಜೂಕಿನ ಕೈಗೆ ಎಂಬುದನ್ನು ಹುಡುಗಿಗೆ ಹೇಳಿ ನೋಡಬಹುದು. ಕೇಳುತ್ತಾಳೆಂಬ ಭರವಸೆಯಿಲ್ಲ.

ಡ್ರೈವರಿನ ಮಾತಿಗೆ ಮರಳಿದರೆ, ಒಮ್ಮೆ ಅಳೆಸಿಕೊಂಡ ವೇಗ ಜೀವಮಾನಕ್ಕೆಲ್ಲ ಸಲ್ಲುವುದಿಲ್ಲ. ಐವತ್ತೈದರ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ, ಬೆನ್ನಿಗೆ ಅಥವಾ ಭುಜಕ್ಕೆ ಚಿಕಿತ್ಸೆಯಾಗಿದ್ದರೆ ಚೇತರಿಸಿಕೊಂಡ ಕೂಡಲೇ, ಹೊಸದಾಗಿ ಅಳೆಸುವುದು ಒಳ್ಳೆಯದು. ಹೋಗುವಾಗ ಹಳೆಯ ಡ್ರೈವರನ್ನೂ ಜೊತೆಗೆ ಒಯ್ಯಬೇಕು. ಹೊಸ ಕೋಲಿನಿಂದ ಹತ್ತು, ಹಳೆಯದರಿಂದ ಹತ್ತು ಹೊಡೆದು, ಅತ್ಯುತ್ತಮವಾದ ಒಂದನ್ನಲ್ಲ, ಹತ್ತೂ ಚೆಂಡುಗಳು ಎಷ್ಟು ಹರಡಿಕೊಂಡು ಬಿದ್ದವೆಂಬುದನ್ನು ಹೋಲಿಸಬೇಕು. ವ್ಯತ್ಯಾಸ ಕಾಣದಿದ್ದರೆ ಹಳೆಯದನ್ನೇ ಚೀಲಕ್ಕೆ ಸೇರಿಸಿ, ಹಿಡಿಯ ರಬ್ಬರು ಸವೆದಿದ್ದರೆ ಅದನ್ನಷ್ಟೇ ಬದಲಾಯಿಸಿಕೊಂಡು ಮನೆಗೆ ಬರಬಹುದು. ಅದಕ್ಕೆ ಡ್ರೈವರಿನ ಬೆಲೆಯ ಒಂದು ಅಲ್ಪ ಪಾಲೂ ತಗಲುವುದಿಲ್ಲ.
</pi​ece>